ಅವ್ವ ಸುತ್ತಿಟ್ಟ ಸುರುಳಿ

ಗಾಳಿಗಣಿ ಊರು
ಕ್ರಿಸ್ತಶಕ ೨೪೧೭, ಹದಿಮೂರನೆಯ ತಿಂಗಳು, ಮೂರನೆಯ ದಿನ

ನಾಲ್ಕು ನೂರು ವರ್ಷ ಹಿಂದಿರುವ ಹಿರಿಯರಿಗೆ, ಸುರುಳಿ ದುರಸ್ತಿ ಮಾಡುವ ನೀಲಗಂಗವ್ವನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ, ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನೀವು ಬಿಟ್ಟುಹೋದ ಗಣಿಯ ಸುರಂಗಗಳಲ್ಲಿ ನಾವು ಗಾಳಿ ತುಂಬುತ್ತೇವೆ. ಬಿಸಿಲು ಜೋರಾಗಿರುವಾಗ ಒತ್ತಿ ಒತ್ತಿ ತುಂಬಿ, ಸಂಜೆ ಸ್ವಲ್ಪಸ್ವಲ್ಪವೇ ಬಿಟ್ಟರೆ ಊರಿನ ಗಿರಣಿ, ದೀಪ ಎಲ್ಲ ನಡೆಯುತ್ತವೆ. ನೀರು ಮಾತ್ರ ಹಟಮಾರಿ. ಎಷ್ಟು ಒತ್ತಿದರೂ ಕೂದಲೆಳೆಯಷ್ಟೇ ಕುಗ್ಗುತ್ತದೆ, ಅದರಲ್ಲಿ ಶಕ್ತಿ ಕೂಡಿಡುವುದು ವ್ಯರ್ಥ. ಹಾಗೆಂದೇ ಗಾಳಿ ತುಂಬುವ ಹೊಸ ತೊಟ್ಟಿಗಳನ್ನು ಮೊದಲು ನೀರು ತುಂಬಿ ಒತ್ತಿ ಪರೀಕ್ಷಿಸುತ್ತೇವೆ. ಬಿರುಕು ಬಿಟ್ಟರೆ ಸೋರುತ್ತದೆಯೇ ಹೊರತು ಸಿಡಿದು ಯಾರನ್ನೂ ಕೊಲ್ಲುವುದಿಲ್ಲ.

ಮನೆಯೊಳಗಿನ ಕೆಲಸಕ್ಕೆ ಸುರುಳಿಗಳಿವೆ, ನಿಮ್ಮ ಗಡಿಯಾರದ ಸ್ಪ್ರಿಂಗಿನಂಥವು. ಉಕ್ಕು ನಮ್ಮಲ್ಲಿ ಅಪರೂಪ, ಆದ್ದರಿಂದ ಗಿಡದ ಅಂಟಿಗೆ ನಾರು ಸೇರಿಸಿ ಎರೆಯುತ್ತೇವೆ. ಕೈಯಿಂದ ತಿರುವಿ ಬಿಗಿದು ಕೊಕ್ಕೆ ಹಾಕಿದರೆ ತಿರುವಿದವರ ಶ್ರಮ ಅದರೊಳಗೆ ಕೂತಿರುತ್ತದೆ, ಕೊಕ್ಕೆ ತೆಗೆದಾಗ ಕೆಲಸಕ್ಕೆ ಬರುತ್ತದೆ. ಆದರೆ ಗಾಳಿಗೆ ಇಲ್ಲದ ದಣಿವು ಗಟ್ಟಿ ವಸ್ತುವಿಗೆ ಉಂಟು. ವರ್ಷಕ್ಕೊಮ್ಮೆ, ಬಿಚ್ಚುದಿನದಂದು, ಎಲ್ಲ ಸುರುಳಿಗಳನ್ನೂ ಸಡಿಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಬಿಗಿದ ರೂಪಕ್ಕೇ ಅದರ ಮೈ ಒಗ್ಗಿ, ಒಳಗಿನ ಬಲವೆಲ್ಲ ಯಾರಿಗೂ ತಿಳಿಯದಂತೆ ಸೋರಿಹೋಗುತ್ತದೆ. ಮೂವತ್ತು ವರ್ಷ ಮನೆಮನೆಗೆ ಹೋಗಿ ಈ ಬುದ್ಧಿ ಹೇಳಿದವಳು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ನಮ್ಮಲ್ಲೊಂದು ಪದ್ಧತಿಯಿದೆ. ಬಸುರಿ ಮಗಳಿಗೆ ಒಂಬತ್ತು ತಿಂಗಳು ತುಂಬುವಷ್ಟರಲ್ಲಿ ಅವಳ ತಾಯಿ ತೊಟ್ಟಿಲ ಸುರುಳಿ ಸುತ್ತಿಡಬೇಕು. ಹುಟ್ಟಿದ ಕೂಸನ್ನು ನಲವತ್ತು ದಿನ ಅಜ್ಜಿಯ ತೋಳಿನ ಬಲವೇ ತೂಗುತ್ತದೆ, ಬಾಣಂತಿ ನಿದ್ದೆ ಮಾಡುತ್ತಾಳೆ. ನನ್ನ ಅವ್ವ ಬಸಲಿಂಗವ್ವ ಎದೆನೋವಿನಲ್ಲೂ ತಿಂಗಳುಗಟ್ಟಲೆ ಕೂತು ಸುತ್ತಿದಳು. ಬೇಡವೆಂದರೆ ಕೇಳುತ್ತಿರಲಿಲ್ಲ. "ಹಡದ ಮ್ಯಾಲ ನಿದ್ದಿಗೆಡಬ್ಯಾಡ ನೀಲಾ. ತೊಟ್ಟಲಾ ನಾ ತೂಗತೀನಿ" ಅಂದಳು. ಮಗಳು ಹೊನ್ನಿ ಹುಟ್ಟುವುದಕ್ಕೆ ಎಂಟು ದಿನ ಮೊದಲು ಅವ್ವ ತೀರಿಕೊಂಡಳು.

ನನಗೆ ಕೊಕ್ಕೆ ತೆಗೆಯಲು ಮನಸ್ಸು ಬರಲಿಲ್ಲ. ಅವ್ವನ ತೋಳಿನ ಬಲ ಈ ಲೋಕದಲ್ಲಿ ಉಳಿದಿದ್ದುದು ಅದೊಂದರಲ್ಲೇ. ನಲವತ್ತು ದಿನದಲ್ಲಿ ಅದನ್ನು ಮುಗಿಸಿಬಿಡುವುದೆ? ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ಹೊನ್ನಿಯನ್ನು ಕೈಯಿಂದಲೇ ತೂಗಿದೆ, ತೂಗುತ್ತ ತೂಕಡಿಸಿದೆ, ಹಾಲು ಬತ್ತಿತು. ಇಪ್ಪತ್ತಾರು ಬಿಚ್ಚುದಿನಗಳು ಬಂದು ಹೋದವು, ಆ ಸುರುಳಿಯನ್ನು ಮುಟ್ಟಲಿಲ್ಲ. ಕಸುಬುದಾರಳಾದ ನನಗೆ ಗೊತ್ತಿಲ್ಲದ್ದೇನಲ್ಲ. ಅವ್ವ ಸುತ್ತಿದ್ದು ಬೇರೆ, ಅದು ಸೋರದು ಎಂದು ಮನಸ್ಸನ್ನು ನಂಬಿಸಿಕೊಂಡಿದ್ದೆ.

ಈಗ ಹೊನ್ನಿಗೆ ಗಂಡು ಕೂಸು. ಮುತ್ತಜ್ಜಿಯೇ ಮರಿಮಗನನ್ನು ತೂಗಲಿ ಎಂಬ ಹುಚ್ಚು ಆಸೆಯಿಂದ ನಾನು ಒಂದು ಸುತ್ತನ್ನೂ ಸುತ್ತಿರಲಿಲ್ಲ. ಅವ್ವನ ಸುರುಳಿಯನ್ನೇ ಹೊತ್ತುಕೊಂಡು ಹೋಗಿ ತೊಟ್ಟಿಲಿಗೆ ಜೋಡಿಸಿ, ಎಲ್ಲರೆದುರು ಕೊಕ್ಕೆ ತೆಗೆದೆ. ತೊಟ್ಟಿಲು ಹನ್ನೊಂದು ಸಲ ತೂಗಿ ನಿಂತಿತು. ಅವ್ವ ಎರಡನೆಯ ಸಲ ಸತ್ತಳು, ಈ ಸಲ ನನ್ನ ಕೈಯಿಂದ.

ಹೊನ್ನಿ ಬೈಯಲಿಲ್ಲ. ಮೆಲ್ಲಗೆ ಅಂದಳು: "ಯವ್ವಾ, ಆಯಿ ನಿನಗ ನಿದ್ದಿ ಕೊಟ್ಟಿದ್ಲು. ನೀ ಅದನ್ನ ಕಪಾಟಿನ್ಯಾಗ ಇಟ್ಟಿ."

ಹಿರಿಯರೇ, ನಿಮ್ಮ ಕಾಲದಲ್ಲಿ ತೊಟ್ಟಿಲ ಸುರುಳಿ ಇಲ್ಲದಿರಬಹುದು, ಆದರೆ ನಿಮಗಾಗಿ ತೋಳು ಸೋಲುವಂತೆ ದುಡಿಯುವವರು ಇದ್ದೇ ಇರುತ್ತಾರೆ. ಅವರು ಕೊಟ್ಟಿದ್ದನ್ನು ಬಳಸಿ ಮುಗಿಸಿ. ಇಷ್ಟೇ ನನ್ನ ಬೇಡಿಕೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ, ಎಡಗೈಯಿಂದ ತೊಟ್ಟಿಲು ತೂಗುತ್ತ ಬರೆಯುತ್ತಿದ್ದೇನೆ. ನಲವತ್ತರಲ್ಲಿ ಇವತ್ತು ಹದಿನೇಳನೆಯ ದಿನ. ಹೊನ್ನಿ ಮಲಗಿದ್ದಾಳೆ.