ಮೀನಿಗೆ ಹಾಕಿದ ಹಿಟ್ಟು

೬ ಮಾರ್ಚ್, ಮುಂಜಾನೆ ೭
ಹೊಳಿ ದಂಡಿ. ಮಿಂಚುಳ್ಳಿ ಎರಡು, ಬೆಳ್ಳಕ್ಕಿ ಹನ್ನೊಂದು. ಶುಗರ್ ಐತಿ, ನಡೀರಿ ಅಂದ ಡಾಕ್ಟರ್ — ನಡ್ಯಾಕ ಬಂದು ಹಕ್ಕಿ ನೋಡೂ ಚಟ ಹತ್ತಿಸಿಕೊಂಡೆ. ಮೀನಿಗೆ ಹಿಟ್ಟಿನ ಉಂಡಿ ಹಾಕಿದೆ. ಈಗ ನನ್ನ ಹೆಜ್ಜಿ ಸಪ್ಪಳಕ್ಕಽ ಬರತಾವ. ಅಕ್ಷಯ ತದಿಗಿ ತನಕ ದಿನಾ ಹಾಕಬೇಕು. ಬಸದಿಯೊಳಗ ಮುನಿ ಮಹಾರಾಜರ ಮುಂದ ತಗೊಂಡ ನೇಮ, ತಪ್ಪಂಗಿಲ್ಲ.
ಮಗ್ಗಲಕ ಹೌಸಾಬಾಯಿ. ಮಿರಜದ ಲಾಡ್ಜಿನ ಚಾದರ ಒಗೀಲಿಕ್ಕತ್ತಿದ್ದಳು. "ವೈನಿ, ನಿಮ್ಮ ಮೀನಿಗೆ ಒಂದೊಂದು ಕಪ್ ಚಾನೂ ಕೊಡ್ರಿ!" ಬಾಯಿ ಭಾಳ ಇಕೀದು. ಇಕಿ ಬರದ ದಿನ ನನಗ ಬ್ಯಾಸರ.

೧೫ ಮಾರ್ಚ್
ಮೊಸಳಿ! ಆಚಿ ದಂಡಿ ಉಸುಕಿನ ಮ್ಯಾಲೆ, ಬಾಯಿ ತಕ್ಕೊಂಡು ಬಿಸಲಿಗೆ ಬಿದ್ದಿತ್ತು. ದುರ್ಬೀನಿನಾಗ ಹಲ್ಲ ಸುದ್ದಾ ಕಂಡ್ವು. ಖುಷಿ ತಡೀಲಿಲ್ಲ. ಹೌಸಾ ತಿರುಗೀನೂ ನೋಡಲಿಲ್ಲ. "ಅದು ಅಲ್ಲಿ ಇರತೈತ್ರಿ, ನಾ ಇಲ್ಲಿ ಇರತೀನಿ."

೨೪ ಮಾರ್ಚ್
ಆಚಿ ದಂಡಿ ಖಾಲಿ. ಮೀನ ಬಂದ್ವು, ತಿಂದ್ವು... ಒಮ್ಮೆಲೇ ಒಂದೂ ಇಲ್ಲ. ಉಂಡಿ ಹಂಗಽ ತೇಲಾಕತ್ತಿದ್ವು. ನೋಡತೇನಿ — ನೀರಿನ ಮ್ಯಾಲೆ ಎರಡು ಕಣ್ಣು. ಹೌಸಾ ಮೊಣಕಾಲ ಮಟಾ ನೀರಾಗ. ಮ್ಯಾಲೆ ಬಾ ಅಂತ ಚೀರಿದೆ. ನಕ್ಕಳು. ಆದ್ರ ಬಂದಳು.

ಮಧ್ಯಾಹ್ನ
ಮನಿಯವರಿಗೆ ಹೇಳಿದೆ. ಚಾದ ಕಪ್ ಕೆಳಗ ಇಟ್ರು. "ರತ್ನಾ, ದಿನಾ ಒಂದಽ ಹೊತ್ತು, ಒಂದಽ ಜಾಗಾ. ಮೀನ ಕೂಡಸಾಕಿ ನೀನು. ಅದು ಮತ್ತೆಲ್ಲಿ ಹೋಗಬೇಕು?"
ಸಿಟ್ಟು ಬಂತು. ಪುಣ್ಯಾದ ಕೆಲಸಕ್ಕ ಇವರದೊಂದು ಕಿರಿಕಿರಿ. ಆದ್ರ ಊಟಾ ಸೇರಲಿಲ್ಲ.

೨೬ ಮಾರ್ಚ್
ನೇಮ ಬಿಡಲಾರೆ. ಜಾಗಾ ಬಿಟ್ಟೆ. ಹೌಸಾ ಒಗಿಯೂ ಘಾಟ ದಾಟಿ ಮ್ಯಾಲಕಡೆ, ಜಾಲಿ ಗಿಡದ ಹತ್ರ ಹಾಕಿದೆ. ಹೌಸಾ ಬೆನ್ನ ಹತ್ತಿ ಬಂದಳು. "ಯಾಕ್ರಿ ವೈನಿ, ನನ್ನ ಮ್ಯಾಲೆ ಸಿಟ್ಟೇನು?"
ಮೊಸಳಿ ಕರದಾಕಿ ನಾನಽ ಅಂತ ಯಾವ ಬಾಯಿಲೆ ಹೇಳಲಿ? ನಾಚಿಕಿ. "ಇಲ್ಲಿ ನೀರು ಚೊಕ್ಕ ಐತಿ. ಭಯಾನೂ ಇಲ್ಲ" ಅಂದೆ. ಸುಳ್ಳು ಹೇಳಿದೆ.

೨ ಏಪ್ರಿಲ್
ಜಾಲಿ ಗಿಡಕ್ಕೂ ಬಂತು. ಒಂದಽ ವಾರದಾಗ! ಮ್ಯಾಲಿಂದಽ ಉಂಡಿ ಒಗದು ಓಡಿ ಬಂದೆ. ಇರಲಿ. ಅದು ಇಲ್ಲಿ, ಹೌಸಾ ಅಲ್ಲಿ ಘಾಟಿಗೆ. ಅಷ್ಟು ಸಾಕು ನನಗ.

೯ ಏಪ್ರಿಲ್, ಖಂಡೇರಾಜುರಿ
ತಂಗಿ ಮನಿಯೊಳಗ ಮೂರನೇ ದಿನ. ಇವರ ಬಾವ್ಯಾಗಿನ ಮೀನಿಗೆ ಹಾಕಿ ನೇಮ ನಡಸೇನಿ. ತ್ವಾಟದಾಗ ನವಿಲು ನಾಕು. ಹೊಳ್ಯಾಗಿನ ಮೀನ ಹಸಗೊಂಡು ಕಾಯತಿರಬೇಕು... ಅದೂ.

೧೧ ಏಪ್ರಿಲ್, ೬.೪೦
ನಿನ್ನೆ ಸಂಜಿಗೆ ಬಂದೇನಿ. ಈಗ ಬಾಗಲಿಗೆ ಶುಭಾಂಗಿ, ಹೌಸಾನ ಸೊಸಿ. ಹಾಲು ಕೊಡತ ಹೇಳತಾಳ — "ಫಾರೆಸ್ಟಿನವರು ಘಾಟಿಗೆ ಬೋರ್ಡ್ ಹಾಕ್ಯಾರ್ರಿ, ಮೊಸಳಿ ಐತಿ ಅಂತ. ಅತ್ತಿ ಈಗ ಜಾಲಿ ಗಿಡದ ಹತ್ರ ಒಗೀತಾರ. ಅಲ್ಲಿ ಭಯ ಇಲ್ಲ, ವೈನಿ ಹೇಳ್ಯಾರ ಅಂದ್ರು."
ಎಲ್ಲಿ ಅದಾಳ ಈಗ?
"ಆಗಲೇ ಹೋದ್ರಲ್ರಿ."
ಅಯ್ಯೋ ದೇವರಽ. ಹೌಸಾ ಫೋನ್ ಎತ್ತವಲ್ಲಳು.

೭.೦೫, ಜಾಲಿ ಗಿಡ
ಮನಿಯವರು ಗಾಡಿ ಮ್ಯಾಲೆ ಕರಕೊಂಡು ಬಂದ್ರು. ನನ್ನನ್ನ ದಂಡಿ ಮ್ಯಾಲೆ ಕುಂದ್ರಿಸಿ ತಾವು ಕೆಳಗ ನೀರಿನ ತನಕ ಇಳದಾರ. ಬರೀದಿದ್ರ ಚೀರತೇನಿ.
ಹಿಂಡಿಟ್ಟ ಚಾದರ ಆರು. ಏಳನೇದು ಅರ್ಧಾ ನೀರಾಗ. ಚಪ್ಪಲಿ ಎರಡೂ ಇಲ್ಲೇ ಅದಾವ. "ಹೌಸಾಬಾಯಿ!" ಇವರು ಕೂಗತಾರ. ಮತ್ತ ಕೂಗತಾರ. ಯಾರೂ ಓ ಅನವಲ್ರು.
ಇವರ ಕಾಲ ಸಪ್ಪಳಕ್ಕ ಮೀನ ಬಂದಾವ. ಎಷ್ಟೊಂದು ಮೀನ. ನಾನಽ ಅಂತ ತಿಳದಾವ, ಹಿಟ್ಟಿಗೆ ಬಾಯಿ ತಕ್ಕೊಂಡು —
ಒಂದೂ ಇಲ್ಲ. ಈಗ ಒಂದೂ ಇಲ್ಲ. ಏನ್ರಿ, ಮ್ಯಾಲೆ ಬರ್ರಿ, ಮ್ಯಾಲೆ —