ಇದು ಅಳಿಯನ ಮನೆಯಲ್ಲ

ಅತ್ತೆಯವರಿಗೆ ನಮಸ್ಕಾರ.

ಈ ದೇಶಕ್ಕೆ ಬಂದ ಮೇಲೆ ಊರಲ್ಲೂ ಇಲ್ಲೂ ಎರಡೂ ಕಡೆ ಆದಾಯ ತೆರಿಗೆ ಕಟ್ಟಬೇಕೇನೋ ಅಂತ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ನಿಮ್ಮ ಮಗಳು ಆಸ್ಪತ್ರೆ ಪಾಳಿ ಮುಗಿಸಿ ಬಂದು, ಈರುಳ್ಳಿ ಹೆಚ್ಚುತ್ತಲೇ, "ಅಲ್ಲಿ ಕಟ್ಟಿದ್ದನ್ನ ಇಲ್ಲಿ ಕಳೀತಾರೆ ಕಣ್ರೀ" ಅಂತ ಬಿಡಿಸಿ ಹೇಳಿದಳು.

ತೆರಿಗೆ ಕಚೇರಿಯಲ್ಲಿ ಅಧಿಕಾರಿ ನನ್ನನ್ನೇ ನೋಡುತ್ತಾ, "ಮನೆಯಲ್ಲಿ ದುಡಿಯೋರು ಯಾರು?" ಅಂದರು. "ನಾನು" ಅಂದಳು ಪಕ್ಕದಲ್ಲಿದ್ದ ನಿಮ್ಮ ಮಗಳು. ಅರ್ಜಿಯಲ್ಲಿ ಅವಳನ್ನು ನಂಬಿಕೊಂಡವರ ಸಾಲಿಗೆ ಮಕ್ಕಳಿಬ್ಬರ ಜೊತೆ ನಾನೂ ಸೇರಿದೆ. ಎದೆ ಉಬ್ಬಿತು, ಅತ್ತೆ.

ಆ ಸಾಲಿಗೆ ಅವಳ ತಾಯಿಯನ್ನೂ ಸೇರಿಸಬಹುದಂತೆ, ಆದರೆ ಒಂದೇ ಸೂರಿನಡಿ ಇರಬೇಕಂತೆ. ಅಳಿಯನ ಮನೆಯಲ್ಲಿ ಉಳಿಯಲ್ಲ ಅನ್ನೋದು ನಿಮ್ಮ ಹಠ. ಸರ್ಕಾರದ ಪ್ರಕಾರವೇ ಇದು ನಿಮ್ಮ ಮಗಳ ಮನೆ. ಬೇಗ ಪಾಸ್‌ಪೋರ್ಟ್ ಮಾಡಿಸಿ. ಓದುವ ಕನ್ನಡಕ ಮರೆಯಬೇಡಿ.

ಇಂತಿ,
ನಿಮ್ಮ ಮನೆಯಳಿಯ