ಚರ್ಚಿನೆದುರಿನ ಗಾರೆಗೋಡೆ

ಚಾಮರಾಜಪೇಟೆ
೧೪ ನವೆಂಬರ್ ೨೦೨೪

ಆತ್ರೇಯಣ್ಣ,

‘ಗೋಡೆಗಳು ಎಲ್ಲವನ್ನೂ ಮರೆಯುತ್ತವೆ’ ಎಂದು ಎಲ್ಲೋ ಓದಿದ ನೆನಪು. ಎಂ.ಎ. ಓದುವಾಗ ಇರಬೇಕು, ಮುಂದಿನ ಸಾಲು ಮರೆತಿದ್ದೇನೆ. ಆದರೆ ಇದು ನಿಜವೇ? ಬರೆದವರು ಜೀವನವಿಡೀ ಬಾಡಿಗೆ ಮನೆಯಲ್ಲಿದ್ದಿರಬೇಕು.

ಭಾನುವಾರ ನಿನ್ನ ಕೆಫೆಯ ಆರಂಭಕ್ಕೆ ನಾನು ಬರುವುದಿಲ್ಲ. ಆಹ್ವಾನಪತ್ರ ಚೆನ್ನಾಗಿದೆ. ಚರ್ಚಿನ ಗಂಟೆಗೋಪುರ, ಕಮಾನು ಕಿಟಕಿಗಳು, ಎದುರಿಗೆ ನಮ್ಮ ಮನೆಯ ಕಿಟಕಿಗಳ ಮೇಲಿನ ಚೂಪು ಮರದ ಮಾಡು, ಆ ಮಂಕಿಟಾಪ್. ‘ನೂರು ವರ್ಷದ ಪರಂಪರೆ’ ಎಂದು ಅಚ್ಚು ಹಾಕಿಸಿದ್ದೀಯ. ಅಪ್ಪ ಹೋದ ಮೇಲೆ ಆ ಪರಂಪರೆಯನ್ನೆಲ್ಲ ನೀನು ಬರೆಸಿಕೊಂಡು, ಹಿಂದಿನ ಅಡುಗೆಮನೆಯನ್ನೂ ಒಂದು ಕೋಣೆಯನ್ನೂ ನನಗೆ ಬಿಟ್ಟೆ. “ಒಬ್ಳೇ ಇರೋಳು, ಕವಿತೆ ಓದೋಕೆ ಒಂದ್ ಮೂಲೆ ಸಾಕಲ್ವೇನೇ?” ಎಂದು ನೆಂಟರೆದುರು ಹೇಳಿದೆ. ಎಲ್ಲರೂ ನಕ್ಕರು. ನಾನು ಸಹಿ ಹಾಕಿದೆ.

ಕ್ರಿಸ್‌ಮಸ್‌ಗೆ ಮೊದಲು ಚರ್ಚಿನವರು ಗುಂಡಿಯಲ್ಲಿ ಸುಣ್ಣ ನೆನೆಹಾಕುತ್ತಿದ್ದುದು ನೆನಪಿದೆಯೇ? ಚೌಕದ ಮನೆಗಳಿಗೆಲ್ಲ ಅದೇ ಸುಣ್ಣ. ಬಕೆಟ್ ಹಿಡಿದು ಅಪ್ಪನ ಜೊತೆ ಹೋಗುತ್ತಿದ್ದವಳು ನಾನು. ನೀನು ಕ್ರಿಕೆಟ್ ಆಡುತ್ತಿದ್ದೆ. “ಸುಣ್ಣದ ಗಾರೆಗೋಡೆ ಉಸಿರಾಡ್ಬೇಕು ಕಣೇ. ಸಿಮೆಂಟ್ ಮೆತ್ತಿದ್ರೆ ತೇವ ಒಳಗೇ ಸಿಕ್ಕಾಕೊಳ್ಳುತ್ತೆ” ಎಂದು ಅಪ್ಪ ದಾರಿಯುದ್ದಕ್ಕೂ ಹೇಳುತ್ತಿದ್ದರು.

ಬೇಸಿಗೆಯಲ್ಲಿ ಕೆಫೆಗೆಂದು ನಿನ್ನ ಕೆಲಸದವರು ಮುಂದಿನ ಮನೆಯ ಗಾರೆ ಕೆತ್ತಿ ಸಿಮೆಂಟ್ ಮೆತ್ತಿದರು. ನಮ್ಮಿಬ್ಬರ ನಡುಗೋಡೆಯನ್ನೂ ಬಿಡಲಿಲ್ಲ. “ಹೆಂಗಿದ್ಯೇ ಫಿನಿಷಿಂಗು?” ಎಂದು ನನ್ನನ್ನೇ ಕೇಳಿದೆಯಲ್ಲ. ಚೆನ್ನಾಗಿದೆ ಎಂದೆ. ಕಾಫಿಯನ್ನೂ ಮಾಡಿಕೊಟ್ಟೆ.

ಮಳೆಗಾಲ ಕಳೆಯಿತು. ನಿನ್ನ ಗೋಡೆಯ ಬಣ್ಣ ಬೊಬ್ಬೆ ಎದ್ದಿದೆಯಂತೆ, ಪೇಂಟರಿಗೆ ಬೈಯುತ್ತಿದ್ದೀಯಂತೆ. ಪಾಪ, ಅವನದೇನೂ ತಪ್ಪಿಲ್ಲ. ಎಷ್ಟು ಸಲ ಬಳಿಸಿದರೂ ಅದು ಏಳುತ್ತದೆ. ಭಾನುವಾರ ನಿನ್ನ ಅತಿಥಿಗಳ ಮುಂದೆ, ಆ ದುಬಾರಿ ದೀಪಗಳ ಕೆಳಗೆ, ಹಪ್ಪಳದಂತೆ ಉದುರಲಿ. ಎದುರಿನ ಚರ್ಚು ಈಗಲೂ ಸುಣ್ಣವನ್ನೇ ಬಳಿದುಕೊಂಡು ಬೆಳ್ಳಗೆ ನಿಂತಿದೆ. ಬಂದವರು ಎರಡನ್ನೂ ನೋಡಲಿ.

ನನಗೆ ನನ್ನ ಮೂಲೆ ಸಾಕು.

ನಿನ್ನ ತಂಗಿ,
ಮಧುರಾ

ಇನ್ನೊಂದು ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ಪಕ್ಕದ ಮನೆಯ ತುಳಸಮ್ಮ ಕರಿಬೇವು ಕೇಳಿಕೊಂಡು ಬಂದರು. ಬಾಗಿಲಲ್ಲೇ ನಿಂತು, ನಡುಗೋಡೆಗೆ ಒರಗಿಸಿದ ನನ್ನ ಪುಸ್ತಕದ ಕಪಾಟಿನ ಕಡೆ ಬಗ್ಗಿ ನೋಡಿದರು. ಅವರು ಹೇಳಿದ್ದನ್ನೂ ಬರೆದೇ ಕಳಿಸುತ್ತಿದ್ದೇನೆ: “ಅಯ್ಯೋ, ಕೆಳಗಿನ್ ಪುಸ್ತಕ ಎಲ್ಲಾ ನೆಂದ್ಹೋಗಿದಾವಲ್ಲಮ್ಮಾ! ನಿಮ್ಮಣ್ಣ ಆ ಕಡೆಯಿಂದ ಮುಚ್ಚಿದ್ರೆ ತೇವ ಇನ್ನೆಲ್ಲಿಗ್ ಹೋಗುತ್ತೆ, ಈ ಕಡೇಗೇ ತಾನೆ?”